ಗಂಟು ಕಾಯುವವರು

ನಮ್ಮ ಸೀಮೆಯವರು ಸಮುದ್ರ ನೋಡಬೇಕೆಂದೇ ಮನೆಗೆ ಬೀಗ ಹಾಕಿಕೊಂಡು ಹೊರಟವರಲ್ಲ. ನಾಗಮಂಗಲದ ಒಣ ಹೋಬಳಿಗಳನ್ನು ಬಿಟ್ಟರೆ ಇಲ್ಲಿ ಯಾರಿಗೂ ನೀರು ಅಪರೂಪವಲ್ಲ. ಶ್ರೀರಂಗಪಟ್ಟಣವನ್ನು ಕಾವೇರಿ ಎರಡು ಕವಲಾಗಿ ತಬ್ಬಿಕೊಂಡಿದ್ದಾಳೆ. ಕೆ.ಆರ್. ಪೇಟೆ ಕಡೆ ಹೇಮಗಿರಿ, ಅಕ್ಕಿಹೆಬ್ಬಾಳಿನಲ್ಲಿ ಹೇಮಾವತಿ ಇದ್ದಾಳೆ. ಪಾಂಡವಪುರಕ್ಕೆ ತೊಣ್ಣೂರು ಕೆರೆಯಿದೆ, ವಿ.ಸಿ. ನಾಲೆಯಿದೆ. ನಾಗಮಂಗಲದ ಕಡೆ ಹುಟ್ಟಿದ ಲೋಕಪಾವನಿಯೂ ಕರಿಘಟ್ಟದ ಬುಡಕ್ಕೆ ಬಂದು ಕಾವೇರಿ ಸೇರುತ್ತಾಳೆ. ಇಷ್ಟೆಲ್ಲ ಇರುವಾಗ ಉಪ್ಪು ನೀರು ನೋಡಲು ಘಟ್ಟ ಇಳಿದು ಸುಮಾರು 250 ಕಿಲೋಮೀಟರ್ ಹೋಗುತ್ತೇವೆ ಎಂದರೆ ಊರಿನಲ್ಲಿ ನಗುತ್ತಿದ್ದರು. ಹಾಗಾಗಿ ಯಾರೂ ಹಾಗೆ ಹೇಳುತ್ತಿರಲಿಲ್ಲ. "ಧರ್ಮಸ್ಥಳ, ಕುಕ್ಕೆ ಮುಗುಸ್ಕೊಂಡು, ಅಂಗೇ ಉಡುಪಿ ಕೃಷ್ಣನ್ನ ನೋಡ್ಕೊಂಡು, ಅಂಗೇ ವಸಿ ಸಮುದ್ರಾನೂ ತೋರ್ಸ್ಕೊಂಡು ಬರಾನ" ಎನ್ನುತ್ತಿದ್ದರು. ದೇವರಿಗೆ ಕೊಟ್ಟ ದುಡ್ಡಿಗೆ ಸಮುದ್ರ ಕೊಸರು.

ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ನಾವು ಕಟ್ಟುತ್ತಿದ್ದದ್ದು ಯಾತ್ರೆಯ ಗಂಟು, ಕೊನೆಗೆ ಇಳಿಸುತ್ತಿದ್ದದ್ದು ಮರಳಿನ ಮೇಲೆ. ಯಾತ್ರೆಯ ಗಂಟಿಗೆ ಅದರದೇ ಶಾಸ್ತ್ರ. ದೇವರ ಮುಂದೆ ನಿಲ್ಲಲು ರೇಷ್ಮೆ ಸೀರೆ, ಛತ್ರದ ನೆಲಕ್ಕೆ ಜಮಖಾನ, ಹೊದೆಯಲು ರಗ್ಗು, ದಾರಿ ಊಟ ನಂಬುವ ಹಾಗಿಲ್ಲವೆಂದು ಅಡುಗೆ ಸಾಮಾನು, ಯಾರಿಗಾದರೂ ಹೊಟ್ಟೆ ಕೆಟ್ಟರೆ ಎಂದು ಓಮ, ಇಂಗು, ಬೆಳ್ಳುಳ್ಳಿ. ಇದನ್ನೆಲ್ಲ ದೇವಸ್ಥಾನದ ಊರಿಗೆ ಹೊತ್ತುಕೊಂಡು ಹೋದರೆ ಛತ್ರದ ಕೋಣೆಯಲ್ಲಿಟ್ಟು ಬೀಗ ಜಡಿದು ದರ್ಶನಕ್ಕೆ ಹೋಗಬಹುದು. ಸಮುದ್ರಕ್ಕೆ ಬಾಗಿಲಿಲ್ಲ, ಬೀಗ ಹಾಕಲು ಕೋಣೆಯಿಲ್ಲ. ಅಲ್ಲಿ ಗಂಟಿದ್ದಷ್ಟು ಹೊತ್ತೂ ಅದರ ಪಕ್ಕ ಒಬ್ಬರು ಕೂತಿರಬೇಕು.

1980ರ ದಶಕದ ಕೊನೆಯ ಒಂದು ಬೇಸಿಗೆ. ನಾಲೆಗೆ ನೀರು ನಿಲ್ಲಿಸಿದ್ದರು, ಕಬ್ಬು ಕಾರ್ಖಾನೆಗೆ ಸಾಗಿತ್ತು, ಸ್ಕೂಲಿಗೆ ರಜೆ. ನಮ್ಮದು ಪಾಂಡವಪುರದ ಕಡೆಯ ಹಳ್ಳಿ. ಅತ್ತೆಯನ್ನು ಶ್ರೀರಂಗಪಟ್ಟಣದ ಗಂಜಾಂಗೆ ಕೊಟ್ಟಿತ್ತು. ಅವ್ವನ ತವರು ನಾಗಮಂಗಲ, ಅವ್ವನ ಅಕ್ಕ, ಅಂದರೆ ನಮ್ಮ ದೊಡ್ಡವ್ವ, ಕೆ.ಆರ್. ಪೇಟೆ ಪಕ್ಕದ ಊರಿಗೆ ಸೊಸೆ. ಈ ನಾಲ್ಕೂ ಮನೆಯವರು ಒಟ್ಟಿಗೆ ಹೊರಡುವುದೆಂದು ತೀರ್ಮಾನವಾಯಿತು. ಮನೆಮನೆಗೆ ಫೋನಿಲ್ಲದ ಕಾಲ. ಅಪ್ಪ ಮೂರು ಇನ್‌ಲ್ಯಾಂಡ್ ಲೆಟರ್ ಬರೆದರು. ತಾರೀಕು ಬರೆದರು, ಹೊತ್ತು ಬರೆದರು, ಅಕ್ಕಿಹೆಬ್ಬಾಳು ಸ್ಟೇಷನ್ನಿನಲ್ಲಿ ಕೂಡಬೇಕೆಂದು ಬರೆದರು. ಯಾರು ಏನು ತರಬೇಕೆಂದು ಮಾತ್ರ ಬರೆಯಲಿಲ್ಲ. ಅದು ಗಂಡಸರು ಯೋಚಿಸುವ ವಿಷಯವಾಗಿರಲಿಲ್ಲ, ಹೆಂಗಸರಿಗೆ ಕಾಗದ ಬರೆಯುವ ರೂಢಿ ಇರಲಿಲ್ಲ.

ಅಕ್ಕಿಹೆಬ್ಬಾಳು ಎಂದರೆ ಎ.ಎನ್. ಮೂರ್ತಿರಾಯರ ಹುಟ್ಟೂರು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಅವರ ಹರಟೆಗಳನ್ನು ಪಾಠವಾಗಿ ಓದುವಾಗ. ಅವತ್ತು ಆ ಊರಿನ ಬಗ್ಗೆ ನಮಗೆ ಗೊತ್ತಿದ್ದದ್ದು ಒಂದೇ: ಅಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಷ್ಟರೊಳಗೆ ಜನ ಹತ್ತಬೇಕು, ಸಾಮಾನು ಹತ್ತಿಸಬೇಕು. ಪ್ಲಾಟ್‌ಫಾರಂ ಮೇಲೆ ಮೂರು ಮನೆಯ ಸಾಮಾನು ಸಾಲಾಗಿಟ್ಟಾಗ ಸ್ಟೇಷನ್ ಮಾಸ್ಟರು ಹೊರಗೆ ಬಂದು, "ಮನೆ ಖಾಲಿ ಮಾಡ್ತಿದ್ದೀರೇನ್ರೀ?" ಎಂದರು. ಎರಡು ಟ್ರಂಕು, ಹೋಲ್ಡಾಲು, ಪ್ಲಾಸ್ಟಿಕ್ ವೈರಿನ ಬುಟ್ಟಿಗಳು, ಜವಳಿ ಅಂಗಡಿಯ ಕೈಚೀಲಗಳು, ಬಾಯಿ ಹೊಲಿದ ಯೂರಿಯಾ ಚೀಲ, ಬೆಡ್‌ಶೀಟಿನಲ್ಲಿ ಕಟ್ಟಿದ ಪಾತ್ರೆಯ ಗಂಟು. ಮೈಸೂರಿನಲ್ಲೇ ಹತ್ತಿ ಬಂದಿದ್ದ ಅತ್ತೆ ಕಿಟಕಿಯಿಂದ ಕೈ ಬೀಸಿದಾಗ ಅವರ ಹಿಂದೆ ಇನ್ನೂ ಒಂದು ಟ್ರಂಕು ಕಾಣಿಸಿತು.

ರೈಲು ಹೊರಟು ಎಲ್ಲರೂ ಸುಧಾರಿಸಿಕೊಂಡ ಮೇಲೆ ಒಂದೊಂದೇ ಗಂಟು ಬಿಚ್ಚಿತು. ನಾಲ್ಕು ಮನೆಯಿಂದ ನಾಲ್ಕು ಭರಣಿ ಉಪ್ಪಿನಕಾಯಿ. ನಾಲ್ಕು ಕಡೆಯ ಚಟ್ನಿಪುಡಿ. ದೊಡ್ಡವ್ವ ಎಲ್ಲರಿಗೂ ಆಗುವಷ್ಟು ಪುಳಿಯೋಗರೆ ಗೊಜ್ಜು ತಂದಿದ್ದಳು. ಅವ್ವನೂ ಎಲ್ಲರಿಗೂ ಆಗುವಷ್ಟೇ ತಂದಿದ್ದಳು. ಆ ಕಡೆ ಮುದ್ದೆ ಸಿಕ್ಕುವುದಿಲ್ಲ, ಕುಚ್ಚಲಕ್ಕಿ ಅನ್ನ ನಮಗೆ ಆಗುವುದಿಲ್ಲ ಎಂದು ಮೂರು ಮನೆಯವರು ರಾಗಿಹಿಟ್ಟು ಕಟ್ಟಿಕೊಂಡಿದ್ದರು. ಎರಡು ಸೀಮೆಎಣ್ಣೆ ಸ್ಟವ್ ಇದ್ದವು. ರೈಲಿನಲ್ಲಿ ಎಣ್ಣೆ ಒಯ್ಯಬಾರದೆಂದು ಎಣ್ಣೆ ಬಸಿದು ಬರೀ ಸ್ಟವ್ ತಂದಿದ್ದರು. ಅಲ್ಲಿ ಹೋಗಿ ಸೀಮೆಎಣ್ಣೆ ಕೇಳಿದರೆ ರೇಷನ್ ಕಾರ್ಡ್ ಎಲ್ಲಿ ಎನ್ನುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ. ಒಂದೇ ಮುದ್ದೆಕೋಲು ಇತ್ತು, ಅದು ನಮ್ಮದು. ಅದಕ್ಕೆ ಅವ್ವನಿಗೆ ದಾರಿಯುದ್ದಕ್ಕೂ ಒಳ್ಳೆಯ ಹೆಸರು.

ಆದರೆ ಆ ಸಾಮಾನಿನಲ್ಲೆಲ್ಲ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿರುವುದು ನಾಗಮಂಗಲದ ಅಜ್ಜಿ ತಂದಿದ್ದ ಹಿತ್ತಾಳೆ ಕೂಜ. ನಾಗಮಂಗಲದಲ್ಲಿ ಹಿತ್ತಾಳೆ, ಕಂಚಿನ ಕೆಲಸದವರು ಹಿಂದಿನಿಂದ ಹೆಸರಾದವರು. ದೇವರ ವಿಗ್ರಹದಿಂದ ಅಡುಗೆ ಪಾತ್ರೆಯವರೆಗೆ ಅವರ ಕೈಯಲ್ಲಿ ಆಗುತ್ತಿತ್ತು. ಅಜ್ಜಿಯ ಕೂಜಕ್ಕೆ ತಿರುಪಿನ ಮುಚ್ಚಳ, ಹಿಡಿಗೆ ಸಣ್ಣ ಬಳ್ಳಿಯ ಗೆರೆ, ತಳದಲ್ಲಿ ಯಾರದೋ ಹೆಸರಿನ ಎರಡಕ್ಷರ. ಖಾಲಿಯಿದ್ದಾಗಲೇ ಎತ್ತಲು ಒಂದು ಕೈ ಸಾಲದು. ಅದರ ತುಂಬ ಊರಿನ ಬಾವಿ ನೀರು. ಕಂಡೋರ ಊರ ನೀರು ಕುಡಿದರೆ ನೆಗಡಿ ಗ್ಯಾರಂಟಿ ಎಂದು ಅಜ್ಜಿಯ ನಂಬಿಕೆ. "ನೀರಿರೋ ಕಡೀಕೇ ನೀರು ಹೊತ್ಕೊಂಡು ಹೋಯ್ತಿದ್ದೀಯಲ್ಲಮ್ಮಿ" ಎಂದು ತಾತ ರೇಗಿಸಿದರು. "ನೀನೇನು ಹೊತ್ತಿದ್ದೀಯಾ? ಸುಮ್ಕೆ ಕೂತ್ಕೊ" ಎಂದಳು ಅಜ್ಜಿ. ಹೊತ್ತಿದ್ದವಳು ಅವ್ವ.

ಹೊರೆ ಹೆಚ್ಚಾಗಿ ಪಾಡುಪಟ್ಟವರಲ್ಲಿ ನಮ್ಮ ಸೀಮೆಯಲ್ಲಿ ನಾವೇ ಮೊದಲಿಗರಲ್ಲ, ಬಿಡಿ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ. ಅರಕೆರೆಯ ಹತ್ತಿರದ ಕಾಳಗದಲ್ಲಿ ಗೆದ್ದ. ಆದರೆ ಮಳೆ ಹಿಡಿಯಿತು, ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು, ದವಸ ಮುಗಿಯಿತು. ಕೋಟೆ ಒಡೆಯಲೆಂದು ಅಷ್ಟು ದೂರದಿಂದ ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾನೇ ಹಾಳುಗೆಡವಿ ಹಿಂದಕ್ಕೆ ಹೋದ. ಕರಾವಳಿಯಿಂದ ಕೊಡಗಿನ ದಾರಿಯಲ್ಲಿ ಅವನ ನೆರವಿಗೆ ಬಂದಿದ್ದ ಅಬರ್‌ಕ್ರಾಂಬಿಯ ದಂಡೂ ಹಾಗೇ ಘಟ್ಟ ಇಳಿದು ವಾಪಸಾಯಿತು. ಗೆದ್ದವನನ್ನು ಹಿಂದಕ್ಕೆ ಕಳಿಸಿದ್ದು ಅವನದೇ ಸಾಮಾನು. ಸ್ಕೂಲಿನಲ್ಲಿ ಈ ಪಾಠ ಬಂದಾಗ ನನಗೆ ನೆನಪಾದದ್ದು ಹಾಸನದ ಪ್ಲಾಟ್‌ಫಾರಂ.

ಹಾಸನದಲ್ಲಿ ಇಳಿದು ಮಂಗಳೂರಿನ ಬಂಡಿಗೆ ಕಾಯಬೇಕಿತ್ತು. ಕೂಲಿಯವನು ಸಾಮಾನು ನೋಡಿ ಒಂದು ರೇಟು ಹೇಳಿದ, ಅಪ್ಪ ಬೇಡವೆಂದರು, ನಾವೇ ಸಾಗಿಸಿದೆವು. ಒಂದು ಕಂತು ಒಯ್ದಿಟ್ಟು, ಕಾಯಲು ಒಬ್ಬರನ್ನು ಕೂರಿಸಿ, ಇನ್ನೊಂದು ಕಂತಿಗೆ ಹಿಂದಕ್ಕೆ ಬರುವುದು. ಆ ಒಬ್ಬರು ಅವ್ವ. ಗಂಡಸರು ಕಾಫಿಗೆ ಹೋದರು, ಮಕ್ಕಳು ಇಂಜಿನ್ ನೋಡಲು ಹೋದೆವು, ಅತ್ತೆ ಮುಖ ತೊಳೆಯಲು ಹೋದಳು. ಅವ್ವ ಟ್ರಂಕಿನ ಮೇಲೆ ಕೂತಿದ್ದಳು. ಈಗ ನೆನೆಸಿಕೊಂಡರೆ, ಆ ಪ್ರಯಾಣದಲ್ಲಿ ನಾನು ಅವ್ವನನ್ನು ನೋಡಿದ್ದೇ ಹೆಚ್ಚಾಗಿ ಟ್ರಂಕಿನ ಮೇಲೆ.

ಹಾಸನದಿಂದ ಮಂಗಳೂರಿಗೆ ಮೀಟರ್‌ಗೇಜ್ ಹಳಿ ಪೂರ್ತಿಯಾದದ್ದು 1979ರಲ್ಲಿ. ಸಕಲೇಶಪುರ ದಾಟಿದ ಮೇಲೆ ದೋಣಿಗಲ್, ಕಡಗರವಳ್ಳಿ, ಎಡಕುಮರಿ, ಶಿರಿಬಾಗಿಲು ಎಂದು ಕಾಡಿನೊಳಗಿನ ಸ್ಟೇಷನ್ನುಗಳು. ಸುಬ್ರಹ್ಮಣ್ಯ ರೋಡಿನವರೆಗೆ 57 ಸುರಂಗ. ನಾವು ಹೋದದ್ದು ಬೆಳಕು ಹರಿಯುವ ಮುಂಚೆ. ಎಲ್ಲಿ ಸುರಂಗ, ಎಲ್ಲಿ ಬರೀ ಕತ್ತಲೆ ಎಂದು ಗಾಲಿಯ ಸದ್ದು ದಪ್ಪಗಾದಾಗಲೇ ತಿಳಿಯುತ್ತಿತ್ತು. ಆಮೇಲೆ 1996ರಲ್ಲಿ ಬ್ರಾಡ್‌ಗೇಜ್ ಮಾಡುವುದಕ್ಕೆಂದು ಆ ಮಾರ್ಗ ನಿಲ್ಲಿಸಿದರು; ಜನ ಹೋಗುವ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ನಡುವಿನ ಅಷ್ಟೂ ವರ್ಷ ನಮ್ಮ ಕಡೆಯವರಿಗೆ ಶಿರಾಡಿ ಘಾಟಿಯ ಬಸ್ಸೇ ಗತಿ.

ಕುಕ್ಕೆಯಲ್ಲಿ, ಧರ್ಮಸ್ಥಳದಲ್ಲಿ ನಡೆದದ್ದನ್ನು ಹೆಚ್ಚು ಹೇಳಬೇಕಿಲ್ಲ. ಎರಡೂ ಕಡೆ ಊಟಕ್ಕೆ ಪಂಕ್ತಿಯಲ್ಲಿ ಕೂತೆವು, ಬಿಸಿ ಅನ್ನ, ಬಿಸಿ ಸಾರು. ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ ಅಷ್ಟು ಜನಕ್ಕೆ ಅಷ್ಟು ಬೇಗ ಎಲೆ ಬೀಳುವುದನ್ನು ನೋಡಿ ಅಜ್ಜಿ, "ನಾವ್ಯಾಕೆ ಹಿಟ್ಟು ಹೊತ್ಕೊಂಡು ಬಂದೋ?" ಎಂದು ತನ್ನಷ್ಟಕ್ಕೆ ತಾನೇ ಕೇಳಿಕೊಂಡಳು. ಉಡುಪಿಯಲ್ಲೂ ಕೃಷ್ಣಮಠದ ಊಟ. ರಾಗಿಹಿಟ್ಟಿನ ಚೀಲಗಳು ಒಂದೊಂದು ಬಸ್ಸಿನ ಟಾಪಿಗೂ ಹತ್ತಿ, ಇಳಿದು, ಮತ್ತೆ ಹತ್ತಿ ಮಲ್ಪೆಗೆ ಬಂದವು. ಬಸ್ಸಿನ ಏಣಿ ಹತ್ತಿ ಮೇಲಿನಿಂದ ಸಾಮಾನು ಇಳಿಸುತ್ತಿದ್ದ ಚಿಕ್ಕಪ್ಪನ ಅಂಗಿಯ ಹೆಗಲು ಹರಿದಿತ್ತು.

ಮಲ್ಪೆಯಲ್ಲಿ ಮರಳಿಗೆ ಕಾಲಿಟ್ಟದ್ದು ಮಧ್ಯಾಹ್ನ ಇಳಿದ ಮೇಲೆ. ಮೊದಲು ಯಾರೂ ಮಾತಾಡಲಿಲ್ಲ. ಕನ್ನಂಬಾಡಿಯ ಹಿನ್ನೀರು ಕಂಡವರಿಗೂ ಆಚೆ ದಡ ಇಲ್ಲದ ನೀರನ್ನು ನಂಬಲು ಸ್ವಲ್ಪ ಹೊತ್ತು ಬೇಕು. ಆಮೇಲೆ ತಾತ ಪಂಚೆ ಮೇಲಕ್ಕೆ ಕಟ್ಟಿದರು, ಅಪ್ಪ ಪ್ಯಾಂಟು ಮಡಿಸಿದರು, ಮಕ್ಕಳು ಚಪ್ಪಲಿ ಎಸೆದು ಓಡಿದೆವು. ಅತ್ತೆ, ದೊಡ್ಡವ್ವ ಒಬ್ಬರ ಕೈ ಒಬ್ಬರು ಹಿಡಿದು ಇಳಿದರು. ಎಲ್ಲರ ಚಪ್ಪಲಿ, ಎಲ್ಲರ ವಾಚು, ಅಪ್ಪನ ಪರ್ಸು, ಅತ್ತೆಯ ಸರ, ಕೂಜ, ಸ್ಟವ್, ಮುದ್ದೆಕೋಲು ಒಂದು ಗುಡ್ಡೆಯಾಯಿತು. ಗುಡ್ಡೆಯ ಪಕ್ಕ ಟ್ರಂಕು, ಟ್ರಂಕಿನ ಮೇಲೆ ಅವ್ವ, ತಲೆಯ ಮೇಲೆ ಸೆರಗು. ನಾನು ಎರಡು ಸಲ ಓಡಿ ಬಂದು ಕರೆದೆ. "ನೀವು ಆಡೋಗಿ, ನಾನು ಇಲ್ಲಿಂದ್ಲೇ ನೋಡ್ತೀನಿ" ಎಂದಳು. ಬೇಜಾರಿನಿಂದ ಹೇಳಿದ್ದಲ್ಲ. ಆ ಜಾಗ ತನ್ನದೆಂದೇ ಅವಳು ಮನೆಯಿಂದ ಹೊರಟಿದ್ದಳು.

ಅವ್ವನನ್ನು ಅಲ್ಲಿಂದ ಎಬ್ಬಿಸಿದ್ದು ನಮ್ಮವರು ಯಾರೂ ಅಲ್ಲ. ಸ್ವಲ್ಪ ಆಚೆ ಒಣಮೀನು ಹರವಿದ್ದ ಚಾಪೆಗಳನ್ನು ಮಡಿಚುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ತುಂಬ ಹೊತ್ತಿನಿಂದ ಇದನ್ನು ನೋಡುತ್ತಿದ್ದರೆಂದು ಕಾಣುತ್ತದೆ. ಹತ್ತಿರ ಬಂದು, "ನೀವು ಒಬ್ಬರೇ ಯಾಕೆ ಕೂತದ್ದು? ನೀರಿಗೆ ಹೋಗುವುದಿಲ್ಲವಾ?" ಎಂದರು. ಅವ್ವ ಗುಡ್ಡೆ ತೋರಿಸಿ ನಕ್ಕಳು. "ಅದು ಎಲ್ಲಿಗೂ ಹೋಗುವುದಿಲ್ಲ. ನಾನುಂಟಲ್ಲ, ನೋಡಿಕೊಳ್ತೇನೆ. ಇಷ್ಟು ದೂರ ಬಂದು ಕಾಲು ಒದ್ದೆ ಮಾಡದೆ ಹೋಗುವುದಾ ಮಾರಾಯ್ರೆ?" ಎಂದು ಚಾಪೆಯ ಸುರುಳಿಯನ್ನು ನಮ್ಮ ಟ್ರಂಕಿಗೆ ಒರಗಿಸಿ ಅಲ್ಲೇ ಕೂತುಬಿಟ್ಟರು. ಅವ್ವ ಅವರ ಮುಖ ನೋಡಿದಳು, ಟ್ರಂಕಿನ ಬೀಗ ಒಮ್ಮೆ ಜಗ್ಗಿ ನೋಡಿದಳು, ಅಷ್ಟು ಮಾಡಿದ್ದಕ್ಕೆ ತಾನೇ ನಾಚಿಕೊಂಡಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿ ಹಿಡಿದು ನಡೆದಳು.

ಮೊಣಕಾಲಿನವರೆಗೆ ಎಂದು ಹೋದವಳು ಸೊಂಟದವರೆಗೆ ನೆನೆದಳು. ಅಲೆ ಹಿಂದಕ್ಕೆ ಎಳೆಯುವಾಗ ಕಾಲಡಿಯ ಮರಳು ಜಾರಿದ್ದಕ್ಕೆ, "ಅಯ್ಯೋ, ನೆಲನೇ ಹೋಯ್ತದಲ್ಲೋ" ಎಂದು ಕೂಗಿಕೊಂಡು ನಕ್ಕಳು. ಆ ದನಿ ಮನೆಯಲ್ಲಿ ನಾನು ಕೇಳಿದ್ದಲ್ಲ. ಅವಳು ಎದ್ದು ಬಂದದ್ದನ್ನು ನೋಡಿ ಅಪ್ಪ ಮೊದಲು ಕೇಳಿದ ಮಾತು, "ಸಾಮಾನು?" ಹೊತ್ತು ಮುಳುಗುವ ಮುಂಚೆ ವಾಪಸು ಬಂದಾಗ ಎಲ್ಲವೂ ಇದ್ದಲ್ಲೇ ಇತ್ತು. ಅವ್ವ ಆ ಹೆಂಗಸಿಗೆ ಚಕ್ಕುಲಿ, ನಿಪ್ಪಟ್ಟು, ಒಂದು ಅಚ್ಚು ಬೆಲ್ಲ ಕೊಟ್ಟಳು. ಬೇಡ ಬೇಡ ಎನ್ನುತ್ತಲೇ ಬೆಲ್ಲ ಮೂಸಿ ನೋಡಿ ಮಡಿಲಿಗೆ ಹಾಕಿಕೊಂಡರು. ನಾವು ಹೊತ್ತು ತಂದದ್ದರಲ್ಲಿ ಸಾರ್ಥಕವಾದದ್ದು ಅಷ್ಟೇ ಎಂದು ನನ್ನ ಲೆಕ್ಕ.

ಹಿಂದಿರುಗುವ ದಾರಿಯಲ್ಲಿ ಹೊರೆ ಇನ್ನೂ ಜಾಸ್ತಿಯಾಗಿತ್ತು. ಹೊಳೆ ಸ್ನಾನದ ಲೆಕ್ಕದಲ್ಲಿ ಸಮುದ್ರ ಸ್ನಾನಕ್ಕೆ ಹೊರಟವರ ಗತಿ ಅದು. ಪಶ್ಚಿಮವಾಹಿನಿಯಲ್ಲಿ ಮುಳುಗಿ ಎದ್ದು ಬಂಡೆಯ ಮೇಲೆ ಪಂಚೆ ಹರವಿದರೆ ತಲೆ ಬಾಚುವಷ್ಟರಲ್ಲಿ ಒಣಗಿರುತ್ತದೆ. ಸಮುದ್ರದಲ್ಲಿ ನೆನೆದ ಬಟ್ಟೆ ಹಾಗಲ್ಲ. ನೀರು ಆರಿದರೂ ಉಪ್ಪು ನೂಲಿನೊಳಗೆ ಉಳಿಯುತ್ತದೆ, ಉಪ್ಪು ಗಾಳಿಯ ಪಸೆ ಎಳೆದುಕೊಳ್ಳುತ್ತದೆ, ಕರಾವಳಿಯ ಗಾಳಿಯಲ್ಲಿ ಪಸೆಗೆ ಬರವಿಲ್ಲ. ಸಿಹಿನೀರಿನಲ್ಲಿ ಜಾಲಿಸಿ ಹಿಂಡದೆ ಅದು ಒಣಗುವ ಮಾತೇ ಇಲ್ಲ. ನಾಲ್ಕು ಮನೆಯ ಒದ್ದೆ ಬಟ್ಟೆಯನ್ನು ಯೂರಿಯಾ ಚೀಲಕ್ಕೆ ತುರುಕಿ ಬಸ್ಸು ಹತ್ತಿದೆವು. ಶಿರಾಡಿ ಘಾಟಿಯ ತಿರುವುಗಳಲ್ಲಿ ಆ ಚೀಲದ ವಾಸನೆಗೆ ಮುಂದಿನ ಸೀಟಿನವರು ಕಿಟಕಿ ತೆಗೆದು ನಮ್ಮ ಕಡೆ ತಿರುಗಿ ನೋಡುತ್ತಿದ್ದರು. ಅಜ್ಜಿಯ ಕೂಜದಲ್ಲಿ ಊರಿನ ನೀರು ಇನ್ನೂ ಅರ್ಧ ಇತ್ತು.

ಹಗುರವಾಗಿ ತಿರುಗಾಡುವುದನ್ನು ನಮಗೆ ಯಾರೂ ಹೊರಗಿನವರು ಕಲಿಸಬೇಕಿಲ್ಲ ಎಂದು ತಾತ ಹೇಳುತ್ತಿದ್ದರು. ಅವರ ಹೆಗಲ ಮೇಲೆ ಒಂದು ಟವೆಲ್ಲು. ಮೈ ಒರೆಸಲು ಅದೇ, ಬಿಸಿಲಿಗೆ ತಲೆಗೆ ಸುತ್ತಲು ಅದೇ, ಕೂರಲು ಹಾಸಿಕೊಳ್ಳಲು ಅದೇ, ಸಂತೆಯಲ್ಲಿ ಕಾಯಿ ಕೊಂಡರೆ ಗಂಟು ಕಟ್ಟಲು ಅದೇ. ತೆಳ್ಳಗಿನ ನೂಲು, ಕೊಡವಿದರೆ ಮರಳು ಉದುರುತ್ತದೆ, ಹಿಂಡಿದರೆ ಗಾಳಿಗೇ ಒಣಗುತ್ತದೆ. ಈಗ ಬೀಚಿಗೆಂದು ಮಾರುವ ದಪ್ಪ ಟವೆಲ್ಲಿಗಿಂತ ಅದು ಎಲ್ಲದರಲ್ಲೂ ಮೇಲು. ನಮ್ಮ ಜಿಲ್ಲೆಯಲ್ಲಿ ರೈತ ಸಂಘದ ಕಾಲ ಬಂದಾಗ ಅದೇ ಟವೆಲ್ಲು ಹಸಿರಾಯಿತು. ಪಾಂಡವಪುರದ ಕೆ.ಎಸ್. ಪುಟ್ಟಣ್ಣಯ್ಯನವರ ಹಿಂದೆ ಬೆಂಗಳೂರಿಗೆ ಹೋರಾಟಕ್ಕೆ ಹೊರಟ ಎಷ್ಟೋ ಜನರ ಲಗೇಜೆಂದರೆ ಆ ಹಸಿರು ಟವೆಲ್ಲು, ಒಂದು ಕೈಚೀಲ, ಅಷ್ಟೇ.

ತಾತನ ಮಾತು ಅರ್ಧ ನಿಜ. ಟವೆಲ್ಲು ಹಗುರ. ಆದರೆ ತಾತನ ಬದಲಿ ಪಂಚೆ, ಎಲೆ ಅಡಿಕೆ, ಕೆಮ್ಮಿನ ಔಷಧಿ, ರಾತ್ರಿ ಹೊದೆಯುವ ಕಂಬಳಿ ಎಲ್ಲ ಅಜ್ಜಿಯ ಗಂಟಿನಲ್ಲಿರುತ್ತಿತ್ತು. ಅಜ್ಜಿಯ ಗಂಟು ಅವ್ವನ ಕೈಯಲ್ಲಿರುತ್ತಿತ್ತು. ನಮ್ಮ ಗಂಡಸರು ಕೈಬೀಸಿಕೊಂಡು ನಡೆಯುವುದಕ್ಕೆ ಹಿಂದೆ ಒಬ್ಬರು ಎರಡೂ ಕೈಯಲ್ಲಿ ಚೀಲ ಹಿಡಿದು ಬರುತ್ತಿದ್ದದ್ದೇ ಕಾರಣ. ಈ ಮಾತನ್ನು ತಾತ ಇದ್ದಾಗ ಹೇಳಿದ್ದರೆ ಒಪ್ಪುತ್ತಿರಲಿಲ್ಲ. ಅಜ್ಜಿಯೂ ಒಪ್ಪುತ್ತಿರಲಿಲ್ಲ, ಕಟ್ಟುವುದು, ಹೊರುವುದು, ಕಾಯುವುದು ಅವಳಿಗೆ ಯಜಮಾನಿಕೆಯೇ ಆಗಿತ್ತು. ಯಾವ ಚೀಲದಲ್ಲಿ ಏನಿದೆ ಎಂದು ಅವಳೊಬ್ಬಳಿಗೇ ಗೊತ್ತಿರುತ್ತಿತ್ತು, ಬೇಕಾದವರು ಅವಳನ್ನೇ ಕೇಳಬೇಕಿತ್ತು.

ಕಾಯುವುದಕ್ಕೂ ಒಂದು ಬೆಲೆಯಿದೆ, ಇಲ್ಲವೆನ್ನುವುದಿಲ್ಲ. ಮೇಲುಕೋಟೆಯ ವೈರಮುಡಿ ವರ್ಷವಿಡೀ ಮಂಡ್ಯದ ಖಜಾನೆಯಲ್ಲಿರುತ್ತದೆ. ಉತ್ಸವದ ದಿನ ಪೆಟ್ಟಿಗೆಯಲ್ಲಿ, ಪೊಲೀಸ್ ಕಾವಲಿನಲ್ಲಿ, ದಾರಿಯ ಊರೂರಿನಲ್ಲಿ ಪೂಜೆ ಮಾಡಿಸಿಕೊಂಡು ಬೆಟ್ಟಕ್ಕೆ ಬರುತ್ತದೆ. ಅಂಥದ್ದನ್ನು ಕಾಯಬೇಕು, ಸರಿ. ರಬ್ಬರ್ ಚಪ್ಪಲಿ, ಖಾಲಿ ಸ್ಟವ್ವು, ಬಳಸದ ರಾಗಿಹಿಟ್ಟು ಕಾಯಲು ಒಬ್ಬ ಮನುಷ್ಯಳನ್ನು ಬಿಸಿಲಿನಲ್ಲಿ ಕೂರಿಸಿದ್ದು ಯಾವ ನ್ಯಾಯ?

ಮದುವೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ ಮೇಲೆ ಆ ಜಾಗ ಸದ್ದಿಲ್ಲದೆ ನನಗೆ ಬಂತು. ಗೋಕರ್ಣ, ಮುರ್ಡೇಶ್ವರ, ಮತ್ತೆ ಮಲ್ಪೆ. ಟ್ರಂಕು ಹೋಗಿ ಏರ್‌ಬ್ಯಾಗು ಬಂತು, ಏರ್‌ಬ್ಯಾಗು ಹೋಗಿ ಗಾಲಿಯ ಸೂಟ್‌ಕೇಸು ಬಂತು. (ಮರಳಿನಲ್ಲಿ ಗಾಲಿ ಉರುಳುವುದಿಲ್ಲ. ಅದನ್ನು ಕೊಳ್ಳುವಾಗ ಅಂಗಡಿಯವರು ಹೇಳುವುದಿಲ್ಲ.) ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋದರೆ ಎಷ್ಟು ಬೇಕಾದರೂ ತುಂಬಬಹುದು ಎಂಬ ಧೈರ್ಯಕ್ಕೆ ಎಷ್ಟು ಬೇಕಾದರೂ ತುಂಬುತ್ತಿದ್ದೆವು. ದಡದಲ್ಲಿ ಬ್ಯಾಗಿನ ಪಕ್ಕ ಕೂತು ನಾನು ಸುತ್ತ ನೋಡಲು ಶುರು ಮಾಡಿದೆ. ಪ್ರತಿ ಗುಂಪಿಗೂ ಒಬ್ಬರಿದ್ದರು. ಹಾಸನದವರಿರಲಿ, ಹುಬ್ಬಳ್ಳಿಯವರಿರಲಿ, ಬೆಂಗಳೂರಿನವರಿರಲಿ, ಎಲ್ಲರೂ ನೀರಿನಲ್ಲಿ, ಒಬ್ಬರು ದಡದಲ್ಲಿ. ಹೆಚ್ಚಿನವರು ಹೆಂಗಸರು, ಅಲ್ಲೊಬ್ಬ ಇಲ್ಲೊಬ್ಬ ಮೊಣಕಾಲು ನೋವಿನ ಮುದುಕ. ಕಣ್ಣು ಕಣ್ಣು ಕೂಡಿದರೆ ಒಂದು ಸಣ್ಣ ನಗು.

ವಿಚಿತ್ರವೆಂದರೆ, ಸಾಮಾನು ಕಡಿಮೆಯಾದಷ್ಟೂ ಕಾವಲು ಬಿಗಿಯಾಯಿತು. ಈಗ ನಮ್ಮ ಮನೆಯವರ ಬಟ್ಟೆಬರೆಯೆಲ್ಲ ಎರಡು ಬ್ಯಾಗಿಗೆ ಸಾಕು. ಆದರೆ ಅದರ ಮೇಲೆ ಆರು ಮೊಬೈಲು, ಕಾರಿನ ಕೀ, ಕಾರ್ಡುಗಳು. ತೂಕ ಅರ್ಧ ಕೇಜಿಯೂ ಇಲ್ಲವೇನೋ, ಬಿಟ್ಟು ಹೋಗುವ ಹಾಗಿಲ್ಲ. ಸ್ಟವ್ವನ್ನು ಕದ್ದು ಓಡಿಹೋಗುವ ಕಳ್ಳ ಮಲ್ಪೆಯಲ್ಲಿ ಆಗಲೂ ಇರಲಿಲ್ಲ. ಬ್ಯಾಗು ಎಷ್ಟು ಕೇಜಿ ಎಂದು ತಕ್ಕಡಿಗೆ ಹಾಕುವುದು ವಿಮಾನದವರ ಲೆಕ್ಕ. ಸಮುದ್ರಕ್ಕೆ ಲೆಕ್ಕ ಬೇರೆ: ಮರಳಿನ ಮೇಲೆ ಬಿಟ್ಟು ಎಲ್ಲರೂ ನೀರಿಗಿಳಿಯಬಹುದಾದ ಗಂಟು ಹಗುರ, ಒಬ್ಬರನ್ನು ಕಟ್ಟಿಹಾಕುವ ಗಂಟು ಭಾರ.

ಈ ಲೆಕ್ಕದ ಮೇಲೆ ನಮ್ಮ ಮನೆಯ ಪದ್ಧತಿ ಬದಲಾಯಿತು. ಜಗಳವಿಲ್ಲದೆ ಆಗಲಿಲ್ಲ. ರೂಮು ಮೊದಲು, ದಡ ಆಮೇಲೆ. ದಾರಿಯಿಂದ ನೇರ ಮರಳಿಗೆ ಇಳಿಯುವ ಅವಸರವೇ ಇಲ್ಲ. ಮೊಬೈಲು, ಕೀ, ಕಾರ್ಡು ರೂಮಿನ ಬೀಗದೊಳಗೆ. ಫೋಟೋ ಬೇಕೆಂದವರು ಮೊದಲು ಹತ್ತು ನಿಮಿಷ ತೆಗೆದು ವಾಪಸು ಇಟ್ಟುಬರಬೇಕು. ಬಂಗಾರ ಮನೆಯಲ್ಲೇ. ದಡಕ್ಕೆ ತರುವುದು ಒಂದು ಬಟ್ಟೆಯ ಚೀಲ: ತಲೆಗೊಂದು ತೆಳು ಟವೆಲ್ಲು, ನೀರು, ಎಳನೀರಿಗೆ, ಬಸ್ಸಿಗೆ ಆಗುವಷ್ಟು ಚಿಲ್ಲರೆ. ಕಳೆದುಹೋದರೂ ಯಾರೂ ಅಳಬೇಕಿಲ್ಲ. ಮಲ್ಪೆಯಲ್ಲಿ ಈಗ ದುಡ್ಡು ಕೊಟ್ಟರೆ ಸಿಹಿನೀರಿನ ಸ್ನಾನಕ್ಕೆ ವ್ಯವಸ್ಥೆಯಿದೆ, ಅಲ್ಲೇ ಬಟ್ಟೆ ಜಾಲಿಸಿ ಹಿಂಡಿಬಿಡಬಹುದು. ನೀರಿಗೆ ಒಬ್ಬೊಬ್ಬರಿಗೆ ಒಂದೇ ಜೊತೆ, ಅದೂ ಬೇಗ ಒಣಗುವ ತೆಳು ಬಟ್ಟೆ. ಜೀನ್ಸ್ ಹಾಕಿಕೊಂಡು ಅಲೆಗೆ ಇಳಿದ ಹುಡುಗರನ್ನು ನೋಡಿದರೆ ನನಗೆ ಈಗಲೂ ಆ ಯೂರಿಯಾ ಚೀಲ ನೆನಪಾಗುತ್ತದೆ.

ಅಡುಗೆ ಸಾಮಾನು ಪೂರ್ತಿ ನಿಂತಿತು. ಮುದ್ದೆ ಇಲ್ಲದೆ ಎರಡು ದಿನ ಬದುಕಬಹುದು, ಬದುಕಿದ್ದೇವೆ. ಆ ಕಡೆಯ ಗಂಜಿ, ನೀರುದೋಸೆ, ಮೀನು ಸಾರು ಉಂಡು ಹೊಟ್ಟೆ ಕೆಟ್ಟವರನ್ನು ನಮ್ಮ ಮನೆಯಲ್ಲಿ ನಾನು ಕಂಡಿಲ್ಲ. ಹೊಟ್ಟೆ ಕೆಟ್ಟದ್ದೇನಿದ್ದರೂ ಮನೆಯಿಂದ ಕಟ್ಟಿಕೊಂಡು ಹೋಗಿ ಎರಡನೇ ದಿನಕ್ಕೆ ಹಳಸಿದ ಚಿತ್ರಾನ್ನದಿಂದ. ಬೆಲ್ಲದ ಅಚ್ಚು ಮಾತ್ರ ಬಿಟ್ಟಿಲ್ಲ. ಅದು ತಿನ್ನಲು ಅಲ್ಲ, ಯಾರಾದರೂ ಉಪಕಾರ ಮಾಡಿದರೆ ಕೊಡಲು. ಎರಡು ಮೂರು ಮನೆಯವರು ಸೇರಿ ಹೊರಟರೆ ಮೊದಲೇ ಫೋನಿನಲ್ಲಿ ಹಂಚಿಕೊಳ್ಳುತ್ತೇವೆ: ಔಷಧಿ ಒಬ್ಬರದು, ಸೋಪು ಎಣ್ಣೆ ಒಬ್ಬರದು. ಅಪ್ಪನ ಇನ್‌ಲ್ಯಾಂಡ್ ಲೆಟರಿನಲ್ಲಿ ಈ ಒಂದು ಸಾಲಿದ್ದಿದ್ದರೆ ಮೂರು ಭರಣಿ ಉಪ್ಪಿನಕಾಯಿ ಮನೆಯಲ್ಲೇ ಉಳಿಯುತ್ತಿತ್ತು.

ಸೇಂಟ್ ಮೇರೀಸ್ ದ್ವೀಪಕ್ಕೆ ಹೋದಾಗ ಇದರ ಸುಖ ಚೆನ್ನಾಗಿ ತಿಳಿಯಿತು. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಇಳಿಯುವಾಗ ಬ್ಯಾಗು ಹೊತ್ತವರು ಒಂದು ಕೈಯಲ್ಲಿ ಚಪ್ಪಲಿ, ಒಂದು ಕೈಯಲ್ಲಿ ಬ್ಯಾಗು, ಕಂಕುಳಲ್ಲಿ ಮಗು ಹಿಡಿದು ತಡಬಡಾಯಿಸುತ್ತಿದ್ದರು. ನಾವು ಕೈ ಹಿಡಿದು ಇಳಿದೆವು. ಲಾವಾ ಆರುವಾಗ ಸೀಳಿ ನಿಂತ ಆರು ಮೂಲೆಯ ಕಪ್ಪು ಕಲ್ಲುಕಂಬಗಳು, ನೆಲದ ತುಂಬ ಮರಳಿಗಿಂತ ಹೆಚ್ಚು ಚಿಪ್ಪು. ಕುಂತಿಬೆಟ್ಟದ ದುಂಡು ಬಂಡೆ ನೋಡಿ ಬೆಳೆದವರಿಗೆ ಕಲ್ಲು ಹೀಗೂ ನಿಲ್ಲುತ್ತದೆಯೇ ಎನ್ನಿಸುತ್ತದೆ. ದೇಶದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಅದೂ ಒಂದು. ಅಲ್ಲಿ ಒಂದು ಸುತ್ತು ಹಾಕಲು ಎರಡೂ ಕೈ ಖಾಲಿ ಇರಬೇಕು.

ಅವ್ವನಿಗೆ ಈಗ ಮೊಣಕಾಲು ಸಾಗುವುದಿಲ್ಲ. ಕರೆದುಕೊಂಡು ಹೋದರೆ ದಡದಲ್ಲಿ ಕುರ್ಚಿ ಹಾಕಿ ಕೂರಿಸುತ್ತೇವೆ, ಅಲೆ ಕಾಲಿಗೆ ಬರುವಷ್ಟು ಹತ್ತಿರ. ಕೂತ ಕೂಡಲೇ ಕೈಚಾಚಿ, "ಎಲ್ಲಿ, ನಿಮ್ ಬ್ಯಾಗು ಕೊಡಿ, ನಾನಿರ್ತೀನಿ" ಎನ್ನುತ್ತಾಳೆ. ಕಾಯುವಂಥದ್ದು ಏನೂ ತಂದಿಲ್ಲವೆಂದರೆ ನಂಬುವುದಿಲ್ಲ. ಅದಕ್ಕೆ ಅವಳ ಮಡಿಲಿಗೆ ಬಟ್ಟೆಯ ಚೀಲ ಹಾಕಿ, ಮೊಮ್ಮಗಳನ್ನು ಪಕ್ಕ ನಿಲ್ಲಿಸಿ, ಸರದಿಯ ಮೇಲೆ ಒಬ್ಬೊಬ್ಬರು ಬಂದು ಕೂರುತ್ತೇವೆ. ಸರದಿ ಎಂಬುದು ನಮ್ಮ ಮನೆಯಲ್ಲಿ ಈಗ ಗಂಡಸರಿಗೂ ಉಂಟು.

ನಾಗಮಂಗಲದ ಕಡೆಯವರಿಗೆ ಇವತ್ತು ಅಕ್ಕಿಹೆಬ್ಬಾಳಿಗೆ ಬರುವ ತಾಪತ್ರಯವೂ ಇಲ್ಲ. ಬೆಂಗಳೂರು–ಹಾಸನ ಮಾರ್ಗ 2017ರಲ್ಲಿ ಪೂರ್ತಿಯಾದ ಮೇಲೆ ಆದಿಚುಂಚನಗಿರಿ ಪಕ್ಕದ ಬಿ.ಜಿ. ನಗರದ ಮೇಲೇ ಕರಾವಳಿಯ ರೈಲುಗಳು ಹಾಯುತ್ತವೆ. ಹೋಗುವ ಮನಸ್ಸಿದ್ದರೆ ಮುಂಗಾರು ಹಿಡಿಯುವ ಮುಂಚೆ ಹೋಗಿ. ಜೂನ್ ಬಂತೆಂದರೆ ಸಮುದ್ರ ಕೆರಳುತ್ತದೆ, ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಬ್ಯಾಗು ಕಟ್ಟಿದವರು ಯಾರೋ, ಅವರನ್ನೇ ಮೊದಲು ನೀರಿಗೆ ಇಳಿಸಿ. ಉಳಿದವರು ಅಷ್ಟು ಹೊತ್ತು ಚಪ್ಪಲಿ ಕಾಯಲಿ.